ಗೋಡೆಯ ಮೇಲೆ ನಾನು ಬರೆದ ಹೆಸರು

ಅಕ್ಕ ಮೂರು ವರ್ಷ ಒಂದು ಮಾತಿನ ಮೂಲ ಹುಡುಕಿದಳು. ಆ ಮಾತಿಗೆ ತಪ್ಪು ಹೆಸರು ಸೇರಿಸಿದವನು ನಾನು. ಅಷ್ಟು ದಿನದಲ್ಲಿ ಒಮ್ಮೆಯೂ ಅವಳಿಗೆ ಅದನ್ನು ಹೇಳಲಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಅಪ್ಪ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕೂಲಿ. ಅಕ್ಕ ಓದಿ ಶಿವಮೊಗ್ಗದಲ್ಲಿ ಟೀಚರ್ ಆದಳು, ನಾನು ಬೋರ್ಡ್ ಬರೆಯುವವನಾದೆ. ಅಂಗಡಿ ಬೋರ್ಡು, ಲಾರಿಯ ಹಿಂಭಾಗ, ಚುನಾವಣೆ ಬಂದರೆ ಗೋಡೆ. ತೊಂಬತ್ತರ ದಶಕದ ನಡುವೆ, ನಾವಿಬ್ಬರೂ ಓದಿದ್ದ ಶಾಲೆಯ ಹೆಡ್‌ಮಾಸ್ಟರು ನನ್ನನ್ನು ಕರೆಸಿ ವರಾಂಡದ ಗೋಡೆಗೆ ನುಡಿಮುತ್ತು ಬರೆಯಲು ಹತ್ತು ಚೀಟಿ ಕೊಟ್ಟರು. ಒಂಬತ್ತರ ಕೆಳಗೆ ದೊಡ್ಡವರ ಹೆಸರಿತ್ತು. ಒಂದರಲ್ಲಿ ಬರೀ ಮಾತು: "ಸಹನೆ ನಮ್ಮ ದೇಶದ ಜನರ ಗುಣ ಎನ್ನುತ್ತೇವೆ, ಯಾರು ಯಾರನ್ನು ಸಹಿಸಿಕೊಂಡರು ಎಂದು ಹೇಳುವುದಿಲ್ಲ."

"ಸಾರ್, ಇದಕ್ಕೆ ಹೆಸರಿಲ್ಲ" ಎಂದೆ.

"ಇರ್ಲಿ ಬಿಡಪ್ಪ, ಹಾಗೇ ಬರಿ."

ಕಿಟಕಿ ಅಡ್ಡ ಬಂದು ಆ ಚೌಕ ಚಿಕ್ಕದಾಯಿತು. "ಸಹನೆ ನಮ್ಮ ದೇಶದ ಜನರ ಗುಣ" ಎಂಬಷ್ಟಕ್ಕೇ ಜಾಗ. ಅಷ್ಟು ಬರೆದು ಹಿಂದೆ ಸರಿದು ನೋಡಿದೆ. ಒಂಬತ್ತು ಚೌಕಕ್ಕೂ ಕೆಂಪು ಬಣ್ಣದಲ್ಲಿ ಹೆಸರು, ಇದೊಂದು ಬೋಳು. ಪಕ್ಕದ ಚೌಕದ ಮಹನೀಯರ ಹೆಸರನ್ನೇ ಇದಕ್ಕೂ ಹಾಕಿದೆ. ಮರುದಿನ ಹೆಡ್‌ಮಾಸ್ಟರು ಅದರ ಮುಂದೆ ಸ್ವಲ್ಪ ಹೊತ್ತು ನಿಂತರು. "ಅಕ್ಷರ ಚೆನ್ನಾಗಿ ಬಂದಿದೆ" ಎಂದಷ್ಟೇ ಹೇಳಿ ಒಳಗೆ ಹೋದರು.

ಕೆಲವು ವರ್ಷದ ಮೇಲೆ ಶಿವಮೊಗ್ಗದಲ್ಲಿ ಶಿಕ್ಷಕರ ಸಭೆ. ಅಕ್ಕ ಮೊದಲ ಸಲ ವೇದಿಕೆ ಹತ್ತಿದಳು, ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ಗೋಡೆಯ ಮಾತನ್ನು ಹೆಸರಿನ ಸಮೇತ ಹೇಳಿದಳು. ನಿವೃತ್ತ ಲೆಕ್ಚರರ್ ಒಬ್ಬರು ಎದ್ದು ನಿಂತರು.

"ಜೀವನಪೂರ್ತಿ ಜಗಳ ಆಡಿದ ಮನುಷ್ಯ ಕಣಮ್ಮ ಅವರು. ಸಹನೆ ಹೊಗಳಿದ್ದು ಯಾವ ಪುಸ್ತಕದಲ್ಲಿ? ಪುಟ ಹೇಳಿ."

ಸಭೆ ನಕ್ಕಿತು. "ಹುಡುಕಿ ತಂದು ತೋರಿಸ್ತೀನಿ ಸಾರ್" ಎಂದು ಅಕ್ಕ ಕೆಳಗಿಳಿದಳು.

ಅವಳಿಗಿಂತ ಮೊದಲು ಮಾತಾಡಿದವರು ಐದಾರು ಮಹನೀಯರನ್ನು ಎಳೆದು ತಂದಿದ್ದರು. ಅವರನ್ನು ಯಾರೂ ಪುಟ ಕೇಳಲಿಲ್ಲ. ಕೂಲಿಯವನ ಮಗಳನ್ನು ಕೇಳಿದರು. ಗೋಡೆ ತಪ್ಪಾಗಿತ್ತು, ಒಪ್ಪುತ್ತೇನೆ. ಆ ನಗು ಸರಿಯಾಗಿತ್ತು ಎಂದು ಯಾರು ಹೇಳಿದರೂ ಇವತ್ತಿಗೂ ಒಪ್ಪುವುದಿಲ್ಲ. ಬೋಳು ಚೌಕ ಬಿಟ್ಟು ಬರಲಾರದ ಕೆಲಸಗಾರನ ಚಪಲಕ್ಕೂ ನಾನು ತಲೆ ತಗ್ಗಿಸುವುದಿಲ್ಲ. ನಾನು ತಲೆ ತಗ್ಗಿಸುವುದು ಆಮೇಲಿನದಕ್ಕೆ.

ಅಂದಿನಿಂದ ಅಕ್ಕ ಯಾರು ಕರೆದರೂ ವೇದಿಕೆ ಹತ್ತಲಿಲ್ಲ. ಭಾನುವಾರವೆಲ್ಲ ಲೈಬ್ರರಿ. ಆ ಮಹನೀಯರ ಪುಸ್ತಕಗಳನ್ನು ಒಂದೊಂದಾಗಿ ವಿದ್ಯಾನಗರದ ತನ್ನ ಬಾಡಿಗೆ ಮನೆಗೆ ತಂದು ಓದಿದಳು.

"ಇನ್ನೂ ಅರ್ಧ ಇತ್ತು ಕಣೋ" ಎಂದಳು ಒಮ್ಮೆ. "ನೀನು ಮನೇಲಿ ಚೀಟಿ ಓದ್ತಿದ್ದಾಗ ಕೇಳಿದ ನೆನಪು. ಏನದು?"

"ಚೀಟೀಲಿ ಇದ್ದಿದ್ದನ್ನ ನೋಡ್ಕೊಂಡು ಬರ್ದೆ ಅಷ್ಟೆ. ನನಗೇನು ಗೊತ್ತು, ಏಳನೇ ಕ್ಲಾಸು."

ನೆನಪಿತ್ತು. ಆದರೆ ಗೋಡೆಯ ಮೇಲೆ ಅಕ್ಷರ ತಪ್ಪದವನು ಎಂಬುದೊಂದೇ ನಮ್ಮ ಮನೆಯಲ್ಲಿ ನನಗಿದ್ದ ಮರ್ಯಾದೆ. ಅವಳದನ್ನು ಕೊಟ್ಟು ನನ್ನದನ್ನು ಉಳಿಸಿಕೊಂಡೆ.

ಕೊನೆಗೆ ಅವಳು ಮಲವಗೊಪ್ಪದಲ್ಲಿದ್ದ ಹೆಡ್‌ಮಾಸ್ಟರ ಮನೆಗೆ ಹೋದಳು. ಅಲ್ಲಿಂದ ಅದೇ ಬಸ್ಸಿನ ದಾರಿಯಲ್ಲಿ ಮುಂದೆ ಭದ್ರಾವತಿಗೆ, ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆ. ನಾನು ಹಳೇ ಬ್ರಷ್ಷು ತೊಳೆಯುತ್ತಿದ್ದೆ.

"ಸಿಕ್ತು ಮಾರಾಯ. ಮಾತು ಮೇಷ್ಟ್ರದೇ ಅಂತೆ."

"ಮತ್ತೆ ಹೆಸರು?"

"ದೊಡ್ಡವರ ಹೆಸರಿದ್ರೆ ಮಕ್ಕಳು ಓದ್ತಾರೆ ಅಂತ ತಾನೇ ಹಾಕಿಸಿದ್ದು ಅಂದ್ರು. ಕೈ ಮುಗಿದ್ರು ಕಣೋ, ನನ್ನಿಂದ ನಿನಗೆ ಅವಮಾನ ಆಯ್ತು ತಾಯಿ ಅಂತ." ಸೆರಗಿನಿಂದ ಮುಖ ಒರೆಸಿಕೊಂಡಳು. "ದೇವರಂಥ ಮನುಷ್ಯ ಅಂದ್ಕೊಂಡಿದ್ದೆ. ಅವರೂ ಸುಳ್ಳು ಹೆಸರು ಹಾಕಿಸೋರೇ. ಇನ್ನು ಅವರ ಮನೆ ಮೆಟ್ಟಿಲು ತುಳಿಯಲ್ಲ."

ಸಭೆಯಲ್ಲಿ ಅಕ್ಕನ ಮರ್ಯಾದೆ ಹೋದಾಗ ಸುಮ್ಮನಿದ್ದವನಿಗೆ, ನನ್ನನ್ನು ಉಳಿಸಲು ಸುಳ್ಳು ಹೇಳಿದ ಮುದುಕರ ಮರ್ಯಾದೆ ಹೋಗುವಾಗ ಸುಮ್ಮನಿರಲು ಆಗಲಿಲ್ಲ.

"ಅವರು ಹಾಕಿಸಿಲ್ಲ. ಹಾಗೇ ಬರಿ ಅಂದಿದ್ರು. ಹೆಸರು ಹಾಕಿದ್ದು ನಾನು, ಅರ್ಧ ಬಿಟ್ಟಿದ್ದೂ ನಾನು."

ಅಕ್ಕ ನನ್ನನ್ನೇ ನೋಡಿದಳು. "ಮೂರು ವರ್ಷ ಕಣೋ."

"ಹೌದು. ಅವತ್ತು ನಕ್ಕೋರ ಹತ್ರ ನಾನು ಯಾವತ್ತೂ ತಪ್ಪಾಯ್ತು ಅನ್ನಲ್ಲ. ನಾಳೆ ಹೋಗಿ ಮೇಷ್ಟ್ರ ಹತ್ರ ಅಂತೀನಿ. ಮೊದಲು ನಿನ್ನ ಹತ್ರ. ತಪ್ಪಾಯ್ತು ಅಕ್ಕ."