ನನ್ನ ಪರದೆಯ ಮೇಲೆ ಅವಳ ಪುಟ

ಹುಣಸೂರು ಬಸ್ ಸ್ಟ್ಯಾಂಡಿನ ಹಿಂದೆ, ಒಂದು ಮಹಡಿಯ ಮೇಲೆ ನಾನು ಕೆಲಸಕ್ಕಿದ್ದ ಕಂಪ್ಯೂಟರ್ ಸೆಂಟರ್ ಇತ್ತು. ಎರಡು ಸಾವಿರದ ಆರೇಳರ ಸುಮಾರು. ನಾನೂ ನನ್ನ ಗೆಳತಿಯೂ ಅಲ್ಲಿ ಸುತ್ತಲಿನ ತಾಲ್ಲೂಕುಗಳವರು ಮದುವೆ ಸಂಬಂಧ ಹುಡುಕಲೆಂದು ಒಂದು ವೆಬ್‌ಸೈಟ್ ಕಟ್ಟುತ್ತಿದ್ದೆವು. ನಾನು ಕಟ್ಟೆಮಳಲವಾಡಿಯಿಂದ, ಅವಳು ಕೆ.ಆರ್. ನಗರದಿಂದ ದಿನಾ ಬರುತ್ತಿದ್ದೆವು. ಓದಿದ್ದು ಒಂದೇ ಕಾಲೇಜು, ಕೂತಿದ್ದು ಒಂದೇ ಬೆಂಚು. ಆದರೂ ಪುಟಗಳ ಬಣ್ಣ, ಅಕ್ಷರ ನನ್ನ ಪಾಲಿಗೆ ಬಂದವು. ಪುಟ ತೆರೆಯುವ ಮೊದಲು ಪ್ರತಿ ಕೋರಿಕೆಯೂ ಹಾದುಬರಬೇಕಾದ, ಬಂದವರು ಯಾರೆಂದು ಗುರುತಿಸುವ ಮಿಡಲ್‌ವೇರ್ ಎಂಬ ನಡುವಿನ ಕೋಡ್ ಅವಳ ಪಾಲಾಯಿತು.

"ಅವ್ಳು ಕೋಡ್ ಬರುದ್ರೆ ಮುಗೀತು ಬುಡಮ್ಮ, ತಿರುಗಿ ನೋಡಂಗಿಲ್ಲ," ಎಂದು ಸೆಂಟರಿನ ಮಾಲೀಕರು ನನ್ನೆದುರಿಗೇ ಹೇಳುತ್ತಿದ್ದರು. ಅಂಥ ದಿನ ಅವಳು ತನ್ನ ಡಬ್ಬಿಯ ಉಪ್ಪಿಟ್ಟು ಕೊಡಲು ಬಂದರೆ ಹಸಿವಿಲ್ಲ ಎನ್ನುತ್ತಿದ್ದೆ.

ಒಂದು ಬೆಳಿಗ್ಗೆ ಪಿರಿಯಾಪಟ್ಟಣದ ರೈತರೊಬ್ಬರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. "ಗಂಡಿನೋರ ಮುಂದೆ ನನ್ ಮಗಳ ಪುಟ ತಗುದ್ರೆ ಇನ್ಯಾರ್ದೋ ಹುಡ್ಗಿ ಫೋಟೋ ಬಂತು ಕಣ್ರೀ!" ನಾವು ತೆರೆದು ನೋಡಿದರೆ ಅವರ ಮಗಳದೇ ಫೋಟೋ. ಮಾಲೀಕರು ನಂಬಲಿಲ್ಲ. ನಾನು ನಂಬಿದೆ. ತಪ್ಪು ಗೆಳತಿಯ ಕೋಡಿನಲ್ಲೇ ಇರಲಿ ಎಂದು ಮನಸ್ಸು ಹಾರೈಸುತ್ತಿತ್ತು.

ಅಲ್ಲಿಯತನಕ ಸೈಟನ್ನು ಒಬ್ಬೊಬ್ಬರೇ ಪರೀಕ್ಷಿಸಿದ್ದೆವು. "ಇಬ್ರೂ ಒಟ್ಟಿಗೆ ಒತ್ತಿ ನೋಡಣ," ಎಂದೆ. ಬೇರೆ ಬೇರೆ ಹೆಸರಿನಲ್ಲಿ ಒಳಹೋಗಿ, ಅಕ್ಕಪಕ್ಕದ ಕಂಪ್ಯೂಟರುಗಳಲ್ಲಿ ನಮ್ಮ ನಮ್ಮ ಪುಟ ಒತ್ತುತ್ತಲೇ ಹೋದೆವು. ಕೊನೆಗೊಮ್ಮೆ ನನ್ನ ಪರದೆಯ ಮೇಲೆ ಅವಳ ಪುಟ ಬಂತು. ಖುಷಿಯಿಂದ ಪರದೆಯನ್ನು ಅವಳ ಕಡೆ ತಿರುಗಿಸಿದೆ.

ಅವಳ ಮುಖ ಬಾಡಲಿಲ್ಲ. ಕೋಡ್ ತೆರೆದು, "ಅಯ್ಯೋ, ಬಂದೋರ ಗುರುತ್ನೆಲ್ಲಾ ಒಂದೇ ಕಡೆ ಮಡ್ಗಿದೀನಿ ಕಣೇ. ಒಬ್ರ ಪುಟ ರೆಡಿಯಾಗೋದ್ರೊಳ್ಗೆ ಇನ್ನೊಬ್ರು ಬಂದ್ರೆ ಅವ್ರ ಹೆಸ್ರು ಬಂದು ಕೂತ್ಕತ್ತದೆ," ಎಂದಳು. ಪ್ರತಿ ಕೋರಿಕೆಯ ಗುರುತೂ ಅದರ ಜೊತೆಯಲ್ಲೇ ಸಾಗಿ, ಉತ್ತರ ಹೋದ ಕೂಡಲೇ ಅಳಿಯುವಂತೆ ಮಧ್ಯಾಹ್ನದೊಳಗೆ ಬದಲಾಯಿಸಿಬಿಟ್ಟಳು. ಆಮೇಲೆ ಎಷ್ಟು ಒತ್ತಿದರೂ ಪುಟಗಳು ಅದಲುಬದಲಾಗಲಿಲ್ಲ.

ಮಾಲೀಕರಿಗೂ ಅವಳೇ ಹೇಳಿದಳು. "ತಪ್ಪು ನಂದು ಸಾರ್. ಕಂಡ್‌ಹಿಡ್ದಿದ್ದು ಇವ್ಳು."

ಅವರು ನನ್ನತ್ತ ಒಮ್ಮೆ ತಲೆಯಾಡಿಸಿ, ಅವಳ ಕಡೆ ತಿರುಗಿದರು. "ಒಪ್ಕಂಡ್ಯಲ್ಲ, ಅದು ದೊಡ್ಡ ಗುಣ ಕಣಮ್ಮ."

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವಳು ಕಡಲೆಕಾಯಿ ಕೊಂಡು ಅರ್ಧ ನನ್ನ ಕೈಗೆ ಸುರಿದಳು. ಸುಲಿದು ತಿನ್ನುತ್ತಾ ನಿಂತೆ. ಅವಳಂತೆ ಕೋಡ್ ಬರೆಯುವುದನ್ನು ಎಂದಾದರೂ ಕಲಿತೇನು. ತಪ್ಪನ್ನು ಅಷ್ಟು ಸಲೀಸಾಗಿ ಒಪ್ಪಿಕೊಳ್ಳುವುದನ್ನು ಯಾರಿಂದ ಕಲಿಯಲಿ? ಹೊಟ್ಟೆಕಿಚ್ಚು ಇಳಿಯುವ ಬದಲು ಇನ್ನಷ್ಟು ಏರಿತ್ತು. ಬಸ್ಸೂ ಅವಳದ್ದೇ ಮೊದಲು ಬಂತು.