ಗಾಜಿನ ತೊಟ್ಟಿಯ ಕಂದು ಪಾಚಿ

ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ಕಾರ್ಖಾನೆಯೊಂದರಲ್ಲಿ ಅಮ್ಮಾಜಮ್ಮ ಮದುವೆಯಾದಂದಿನಿಂದಲೂ ಕುದಿಯುವ ನೀರಿಗೆ ಕೈಯಿಟ್ಟು ಗೂಡಿನ ಎಳೆ ತೆಗೆದವಳು. ಬೆರಳ ತುದಿಗಳು ಬೆಂದು ಬಿರಿದು, ಮುದ್ದೆ ಮುರಿಯುವುದೂ ಅವಳಿಗೆ ಕಷ್ಟವಾಗಿತ್ತು.

1962ರಲ್ಲಿ ಮಾಲೀಕ ವೆಂಕಟರವಣಪ್ಪ ಮದರಾಸಿನಿಂದ ಸಮುದ್ರದ ಮೀನು ತರಿಸಿದ. ಮೀನಷ್ಟೇ ಅಲ್ಲ, ಡಬ್ಬಗಳಲ್ಲಿ ಸಮುದ್ರದ ನೀರೂ ರೈಲಿನಲ್ಲಿ ಬಂತು. ದುಡ್ಡು ತಲೆಗೇರಿದವರ ಶೋಕಿಗೆ ಏನೆನ್ನೋಣ! ಹಜಾರದಲ್ಲಿ ಗಾಜಿನ ತೊಟ್ಟಿ ಇಡಿಸಿ ಅಮ್ಮಾಜಮ್ಮನನ್ನು ಕರೆದ.

“ಗಾಜು ಫಳಫಳ ಅಂತಿರ್ಬೇಕು ಕಣಮ್ಮ. ಈ ಮೀನು ಬದುಕಿರೋವರ್ಗೂ ನೀನು ಬಿಸಿನೀರಿಗೆ ಕೈ ಹಾಕ್ಬೇಡ.”

ಅವಳು ಮನೆಗೆ ಹೋಗಿ ಅತ್ತುಬಿಟ್ಟಳು, ಸಂತೋಷಕ್ಕೆ.

ಸ್ವಲ್ಪ ದಿನಕ್ಕೆ ಗಾಜಿನ ಮೇಲೂ ಮರಳಿನ ಮೇಲೂ ಕಂದು ಪಾಚಿ ಕಟ್ಟಿತು. ನಮ್ಮ ಕಡೆ ಬೂದಿಗೆ ಹೋಗದ ಕೊಳೆಯುಂಟೇ? ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ಒಲೆಯಿಂದ ಭತ್ತದ ಹೊಟ್ಟಿನ ಬೂದಿ ತಂದು ತೆಂಗಿನ ನಾರಿನಿಂದ ತಿಕ್ಕಿದಳು. ಪಾಚಿ ಮತ್ತೆ ಬಂತು, ಇನ್ನೂ ದಪ್ಪಗೆ. ಮತ್ತೆ ತಿಕ್ಕಿದಳು. ಒಂದು ಮೀನು ಸತ್ತಿತು.

ಅಷ್ಟರಲ್ಲಿ ಮೀನು ಮಾರಿದ್ದ ಮದರಾಸಿನವನು ಬಂದ. ತೊಟ್ಟಿಯ ಪಕ್ಕದ ಬೂದಿ ನೋಡಿ ತಲೆ ಚಚ್ಚಿಕೊಂಡ.

“ಈ ಪಾಚಿಗೆ ಆಹಾರ ಇರೋದೇ ಬೂದೀಲಿ, ಮರಳಲ್ಲಿ. ತಿಕ್ಕಿದಷ್ಟೂ ನೀವೇ ಊಟ ಇಕ್ಕಿದ ಹಾಗೆ. ಬೂದಿ ನೀರು ಮೀನಿಗೂ ವಿಷ. ಬರೀ ಬಟ್ಟೇಲಿ ಒರೆಸಿ, ಸುಮ್ನೆ ಬಿಡಿ. ಮೇವು ಮುಗಿದ್ರೆ ತಾನಾಗೇ ಹೋಗುತ್ತೆ.”

ಹಾವಿಗೆ ಹಾಲೆರೆದ ಹಾಗಾಗಿತ್ತು ಅವಳ ದುಡಿಮೆ. ಅಂದಿನಿಂದ ಬೂದಿ ಮುಟ್ಟಲಿಲ್ಲ. ಒಡೆದ ಬೆರಳಿಗೆ ಉಪ್ಪುನೀರು ಉರಿದರೂ ಬಟ್ಟೆಯಿಂದಲೇ ಒರೆಸಿದಳು. ಪಾಚಿ ತೆಳ್ಳಗಾಗತೊಡಗಿತು, ಮೀನುಗಳು ಮೇವಿಗೆ ಮೇಲೆ ಬರತೊಡಗಿದವು.

ಆಗಲೇ ಚಿಂತಾಮಣಿಯಿಂದ ಬೀಗರಾಗುವವರು ಮಾಲೀಕನ ಮಗಳನ್ನು ನೋಡಲು ಬರುವ ಸುದ್ದಿ ಬಂತು. ವೆಂಕಟರವಣಪ್ಪ ತೊಟ್ಟಿ ನೋಡಿ ಸಿಡುಕಿದ.

“ಏನಿದು ಅಸಹ್ಯ? ಬೂದಿ ಹಾಕಿ ತಿಕ್ಕು!”

“ಬ್ಯಾಡ ಸಾಮಿ, ಮೀನು ಸತ್ತೋಗ್ತವೆ. ಇನ್ನೊಂದ್ ವಾರ ತಡೀರಿ, ನಿಮ್ಮ ಕಾಲಿಗೆ ಬೀಳ್ತೀನಿ.”

“ಬೀಗರು ಬರೋದು ನಾಳೆ!”

ಎದುರಿಗೇ ನಿಂತು ತಿಕ್ಕಿಸಿದ. ಸರಿಯಾಗಿ ತೊಳೆಯಲೂ ಪುರುಸೊತ್ತು ಕೊಡಲಿಲ್ಲ. ಬೀಗರು ಬಂದಾಗ ಗಾಜು ಹೊಳೆಯುತ್ತಿತ್ತು, ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಎಲ್ಲರೆದುರು ಅವನು ಅಮ್ಮಾಜಮ್ಮನ ಕಡೆ ಕೈ ತೋರಿಸಿದ. ಅವನ ನಾಲಿಗೆ ಸೇದಿ ಹೋಗಬಾರದಿತ್ತೇ!

ಮರುದಿನ ಬೆಳಿಗ್ಗೆ ಕಾರ್ಖಾನೆಯ ಒಲೆಯ ಮುಂದೆ ಹಳೆಯ ಮಣೆ ಅವಳಿಗಾಗಿ ಕಾದಿತ್ತು. ನೀರು ಕುದಿಯುತ್ತಿತ್ತು. ಅವಳು ಕೂತು, ಆಗಷ್ಟೇ ಚರ್ಮ ಕೂಡುತ್ತಿದ್ದ ಬೆರಳುಗಳನ್ನು ಒಳಗಿಳಿಸಿದಳು.