‘ಸಿಗುತ್ತೆ ಸಾರ್’ ಎಂದ ಬೆಳಿಗ್ಗೆ

ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಹೆಲಿಕಾಪ್ಟರ್ ಹಾರಿಸುವುದನ್ನು ಕಲಿಯುತ್ತಿದ್ದೆ. ವಾಯುಪಡೆಯ ಕ್ಯಾಂಪಿನಲ್ಲಿ ಕೋಣೆಗಳು ಸಾಲದೆ ನನಗೆ ಹೊರಗಿರಲು ಅನುಮತಿ ಕೊಟ್ಟಿದ್ದರು. ರಾಜಾಜಿನಗರದ ಒಂದು ಹೊಸ ಮನೆಯ ಹಿಂದಿನ ಕೋಣೆ ಸಿಕ್ಕಿತ್ತು. ಸುತ್ತ ಅರ್ಧ ಎದ್ದ ಗೋಡೆಗಳು, ಸೈಟಿನ ಗುರುತಿಗೆ ನೆಟ್ಟ ಕಲ್ಲುಗಳು, ನಡುವೆ ಇನ್ನೂ ಹುರುಳಿ ಬೆಳೆಯುತ್ತಿದ್ದ ತುಂಡು ಹೊಲಗಳು. ಮನೆಯ ಯಜಮಾನಿ ಬೆಳಿಗ್ಗೆ “ಹೊರಟ್ರಾ?” ಅನ್ನುತ್ತಿದ್ದರು, ಸಂಜೆ “ಬಂದ್ರಾ?” ಅನ್ನುತ್ತಿದ್ದರು. ಭಾನುವಾರ ಆ ಎರಡು ಮಾತೂ ಇರುತ್ತಿರಲಿಲ್ಲ.

ತರಬೇತಿಯಲ್ಲಿದ್ದ ಐವರಲ್ಲಿ ಕನ್ನಡದವನು ನಾನೊಬ್ಬನೇ. ಉಳಿದವರು ಇಂಗ್ಲಿಷ್‌ನಲ್ಲೂ ಹಿಂದಿಯಲ್ಲೂ ತಮಾಷೆ ಮಾಡಿಕೊಂಡು ನಗುವಾಗ ನಾನು ಒಂದು ಕ್ಷಣ ತಡವಾಗಿ ನಗುತ್ತಿದ್ದೆ. ಶಿಕ್ಷಕರು ಮೈಸೂರಿನ ಕಡೆಯವರು, ನಲವತ್ತು ದಾಟಿದ್ದರು. ಮೇಲೆ ಹಾರುವಾಗ ಮಾತ್ರ ನನ್ನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಅದಕ್ಕೋಸ್ಕರವೇ ನನ್ನ ಸರದಿಗೆ ಕಾಯುತ್ತಿದ್ದೆ ಅಂದರೆ ಸುಳ್ಳಲ್ಲ.

ಎಂಜಿನ್ ಕೈಕೊಟ್ಟರೆ ಹೇಗೆ ಇಳಿಯಬೇಕು ಅನ್ನುವುದೇ ಆಗಿನ ಮುಖ್ಯ ಪಾಠ. ಹಾರುತ್ತಿರುವಾಗ ಅವರು ಹೇಳದೆ ಕೇಳದೆ, ಎಂಜಿನ್ನಿನ ಜೋರು ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಮುಚ್ಚಿ, “ಎಂಜಿನ್ ಹೋಯ್ತು” ಅನ್ನುತ್ತಿದ್ದರು. ಎಡಗೈಯ ಲಿವರನ್ನು ಆ ಕ್ಷಣವೇ ಕೆಳಕ್ಕೆ ಒತ್ತಬೇಕು. ಆಗ ಕೆಳಗಿನಿಂದ ನುಗ್ಗುವ ಗಾಳಿಯೇ ತಲೆಯ ಮೇಲಿನ ರೆಕ್ಕೆಗಳನ್ನು ತಿರುಗಿಸುತ್ತದೆ. ಇಳಿಯುತ್ತಲೇ ಬಯಲು ಹುಡುಕಬೇಕು, ಗಾಳಿಯ ದಿಕ್ಕು ನೋಡಬೇಕು, ನೆಲ ಹತ್ತಿರ ಬಂದಾಗ ಮೂತಿ ಎತ್ತಿ ವೇಗ ಕಳೆಯಬೇಕು, ಕೊನೆಯಲ್ಲಿ ಲಿವರ್ ಮೇಲೆಳೆದು ಮೆತ್ತಗೆ ಕೂರಬೇಕು. ಬಯಲು ಸರಿಯಿಲ್ಲ ಅನ್ನಿಸಿದರೆ ಸಾಕಷ್ಟು ಎತ್ತರದಲ್ಲೇ ಥ್ರಾಟಲ್ ತೆರೆದು ಮೇಲೆ ಹೋಗಬಹುದು. ಅಭ್ಯಾಸವಾದ್ದರಿಂದ ಎಂಜಿನ್ ನಿಜಕ್ಕೂ ಸತ್ತಿರುವುದಿಲ್ಲ.

ನಾವು ಇಳಿಯುತ್ತಿದ್ದದ್ದು ಮಾಗಡಿ ರಸ್ತೆಯ ಆಚೆ, ಶ್ರೀಗಂಧದ ಕಾವಲ್‌ನಲ್ಲಿ. ಆಗ ಅದು ಬರೀ ದನ ಮೇಯುವ ಬಯಲು, ಅಂಚಿನಲ್ಲಿ ರಾಗಿ ಹೊಲಗಳು.

ಒಂದು ದಿನ ಅಲ್ಲಿ ಇಳಿಯುತ್ತಿರುವಾಗ ನನ್ನ ಬಲಗಡೆ, ಹುಲ್ಲಿನ ನಡುವೆ ಬಗ್ಗಿದ ಒಂದು ಬೆನ್ನು ಕಂಡಂತಾಯಿತು. ಕೆಂಪು ಸೀರೆ. ತಕ್ಷಣ ಥ್ರಾಟಲ್ ತೆರೆದು ಮೇಲೆತ್ತಿದೆ.

“ಯಾಕೆ?” ಎಂದರು ಶಿಕ್ಷಕರು.

“ಹೆಂಗಸು ಇದ್ಲು ಸಾರ್. ಹುಲ್ಲು ಕೊಯ್ತಿದ್ಲು.”

ಎಡಗಡೆ ಕೂತಿದ್ದ ಅವರಿಗೆ ಏನೂ ಕಂಡಿರಲಿಲ್ಲ. ಒಂದು ಸುತ್ತು ಹಾಕಿ ನೋಡಿದೆವು. ಬಯಲಿನಲ್ಲಿ ಯಾರೂ ಇರಲಿಲ್ಲ. ಇಳಿದ ಮೇಲೆ ಅವರು ಅದನ್ನು ಹಾರಾಟದ ಪುಸ್ತಕದಲ್ಲಿ ಬರೆದರು. ಮಧ್ಯಾಹ್ನದ ಹೊತ್ತಿಗೆ ವಿಷಯ ಉಳಿದ ನಾಲ್ವರಿಗೂ ಗೊತ್ತಾಗಿತ್ತು. ಅಂದಿನಿಂದ ನಾನು ಪಾಠದ ಕೋಣೆಗೆ ಕಾಲಿಟ್ಟರೆ ಯಾರಾದರೊಬ್ಬ ಕೆಂಪು ಕರವಸ್ತ್ರ ಬೀಸುತ್ತಿದ್ದ. ಶಿಕ್ಷಕರು ಅದನ್ನು ನೋಡಿಯೂ ಸುಮ್ಮನಿದ್ದರು. ನನಗೆ ನೋವಾದದ್ದು ಅದಕ್ಕೆ.

ಆ ಭಾನುವಾರ ಸೈಕಲ್ ಬಾಡಿಗೆಗೆ ತೆಗೆದುಕೊಂಡು ಕಾವಲ್‌ಗೆ ಹೋದೆ. ಎಮ್ಮೆ ಮೇಯಿಸುತ್ತಿದ್ದ ಮುದುಕರೊಬ್ಬರನ್ನು ಕೇಳಿದೆ. “ಇಮಾನ ಬಂದ್ರೆ ನಮ್ ಹೆಣ್ಮಕ್ಳೆಲ್ಲ ಓಡೋಗ್ತಾರೆ ಸ್ವಾಮಿ. ಅವತ್ತು ಯಾರಿದ್ರೋ ಏನ್ ಕತೆಯೋ,” ಎಂದರು. ಇದ್ದಳೋ ಇಲ್ಲವೋ, ಗೊತ್ತಾಗದೆಯೇ ವಾಪಸಾದೆ. ಊರಿನಲ್ಲಿದ್ದ ಅಪ್ಪನಿಗೆ ಕಾಗದ ಬರೆಯಲು ಕೂತೆ. ಹೆದರುತ್ತಾರೆಂದು ಅಭ್ಯಾಸದ ವಿಷಯ ಅವರಿಗೆ ತಿಳಿಸಿಯೇ ಇರಲಿಲ್ಲ. ಹಾಗಾಗಿ ಹವೆ ಚೆನ್ನಾಗಿದೆ ಎಂದಷ್ಟೇ ಬರೆದೆ.

ಇನ್ನೊಮ್ಮೆ ಥ್ರಾಟಲ್ ತೆರೆಯುವವನು ನಾನಲ್ಲ ಎಂದು ಆಗಲೇ ಮನಸ್ಸಿನಲ್ಲಿ ತೀರ್ಮಾನವಾಗಿರಬೇಕು.

ಕೆಲವು ವಾರಗಳ ಮೇಲೆ, ಒಂದು ಬೆಳಿಗ್ಗೆ, ಅದೇ ಬಯಲಿನ ಮೇಲೆ ಅವರು ಥ್ರಾಟಲ್ ಮುಚ್ಚಿದರು. ಲಿವರ್ ಒತ್ತಿದೆ, ಬಯಲಿಗೆ ತಿರುಗಿದೆ. ಇಳಿಯುತ್ತಾ ಇಳಿಯುತ್ತಾ ಎದುರುಗಾಳಿ ಜೋರಾಗಿದೆ ಅಂತ ಗೊತ್ತಾಯಿತು. ನಾವು ಮುಂದೆ ಹೋಗುವುದಕ್ಕಿಂತ ಕೆಳಗೆ ಬರುವುದೇ ಹೆಚ್ಚಾಗಿತ್ತು. ಬಯಲಿಗೂ ನಮಗೂ ನಡುವೆ ರಾಗಿ ಹೊಲದ ಎತ್ತರದ ಬದು ಇತ್ತು.

“ಸಿಗುತ್ತೇನಪ್ಪಾ ಬಯಲು?” ಎಂದು ಶಿಕ್ಷಕರು ಕೇಳಿದರು.

ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ “ಸಿಗುತ್ತೆ ಸಾರ್” ಎಂದೆ.

ಬದು ದಾಟಿಸುವ ಆಸೆಯಿಂದ ಲಿವರನ್ನು ಚೂರು ಮೇಲೆಳೆದೆ. ಮಾಡಲೇಬಾರದ ಕೆಲಸ ಅದು. ರೆಕ್ಕೆಗಳು ನಿಧಾನವಾಗುವುದು ಕಿವಿಗೇ ಕೇಳಿಸಿತು. ಅವರು ನನ್ನ ಕೈ ತಳ್ಳಿ ಥ್ರಾಟಲ್ ಪೂರ್ತಿ ತೆರೆದರು. ಎಂಜಿನ್ ಚೇತರಿಸಿಕೊಳ್ಳುವಷ್ಟು ಎತ್ತರ ಉಳಿದಿರಲಿಲ್ಲ. ಬಾಲ ಬದುವಿಗೆ ಬಡಿದು ಮುರಿಯಿತು, ನಾವು ದೊಪ್ಪನೆ ಕುಕ್ಕರಿಸಿ ಎಡಕ್ಕೆ ಮಗುಚಿಕೊಂಡೆವು.

ಧೂಳು ಇಳಿಯುವ ಮೊದಲೇ ಹೊಲದವರು ಓಡಿ ಬಂದು ನನ್ನನ್ನು ಮೇಲಿನ ಬಾಗಿಲಿನಿಂದ ಎಳೆದುಕೊಂಡರು. ನನಗೆ ಹಣೆಯ ಮೇಲೆ ಒಂದು ಗಾಯ, ಅಷ್ಟೇ. ಶಿಕ್ಷಕರು ಕೂತಲ್ಲೇ, “ನನ್ನ ಅಲ್ಲಾಡಿಸಬೇಡ. ಮೊದ್ಲು ಪೆಟ್ರೋಲ್ ಬಂದ್ ಮಾಡು,” ಎಂದರು. ಬಾಗಿಲಿನಿಂದ ಒಳಗೆ ಬಗ್ಗಿ ಬಂದ್ ಮಾಡಿದೆ. ಬೆಂಕಿ ಹತ್ತಲಿಲ್ಲ. ಹೊಲದವರು ಗಾಡಿಯ ಹಲಗೆ ಬಿಚ್ಚಿ ತಂದು, ಅದರ ಮೇಲೆ ಅವರನ್ನು ಮಲಗಿಸಿಕೊಂಡು ರಸ್ತೆಯವರೆಗೆ ಹೊತ್ತರು. ನಾನು ಅವರ ಟೋಪಿ ಹಿಡಿದುಕೊಂಡು ಹಿಂದೆ ನಡೆದೆ.

ಅವರ ಬೆನ್ನುಮೂಳೆ ಮುರಿದಿತ್ತು. ಹತ್ತು ದಿನ ಬಿಟ್ಟು ನೋಡಲು ಬಿಟ್ಟರು. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ನಿಂತೆ. ಅವರ ಟೋಪಿಯನ್ನು ದಿಂಬಿನ ಪಕ್ಕದಲ್ಲಿಟ್ಟೆ.

ಅವರೇ ಶುರು ಮಾಡಿದರು. “ಅವತ್ತು ಹೆಂಗಸು ಅಂತ ಮೇಲೆತ್ತಿದೆಯಲ್ಲ, ಅದು ಸರಿ.”

“ಅಲ್ಲಿ ಯಾರೂ ಇರಲಿಲ್ಲ ಸಾರ್.”

“ಇದ್ಲೋ ಇಲ್ವೋ, ನಿನಗೆ ಅನುಮಾನ ಬಂತು. ಅಷ್ಟು ಸಾಕು. ಆ ಮಾತನ್ನ ಎಲ್ಲರ ಎದುರಿಗೆ ಹೇಳ್ಬೇಕಿತ್ತು ನಾನು. ಹೇಳ್ಲಿಲ್ಲ. ಈ ಸಲ ನನಗೂ ಸಿಗಲ್ಲ ಅನ್ನಿಸ್ತು ಕಣಯ್ಯಾ. ನೀನು ಸಿಗುತ್ತೆ ಅಂದೆ. ನಂಬೋಣ ಅನ್ನಿಸ್ತು.”

ವಿಚಾರಣೆಯಲ್ಲಿ ಅವರು ತಪ್ಪು ತಮ್ಮದೇ ಎಂದು ಬರೆದುಕೊಟ್ಟರು. ಗೊತ್ತಿದ್ದೂ ‘ಸಿಗುತ್ತೆ’ ಎಂದೆ, ಲಿವರ್ ಎಳೆದವನೂ ನಾನೇ ಎಂದು ನಾನು ಬರೆದುಕೊಟ್ಟೆ. ನನ್ನನ್ನು ಆರು ತಿಂಗಳು ಹಾರಾಟದಿಂದ ಇಳಿಸಿ ಸ್ಟೋರ್ಸಿನಲ್ಲಿ ಕೂರಿಸಿದರು. ನಾಲ್ವರು ತರಬೇತಿ ಮುಗಿಸಿ ಬೇರೆ ಊರುಗಳಿಗೆ ಹೋದರು. ಹೋಗುವಾಗ ಒಬ್ಬ ಮಾತ್ರ ಬಂದು ಕೈಕುಲುಕಿದ. ಎಲ್ಲರಿಗಿಂತ ಹೆಚ್ಚು ಕರವಸ್ತ್ರ ಬೀಸುತ್ತಿದ್ದವನೇ.

ಶಿಕ್ಷಕರು ಕೋಲು ಹಿಡಿದು ನಡೆಯುವಷ್ಟು ಗುಣವಾದರು, ಮತ್ತೆ ಹಾರಲಿಲ್ಲ.

ಆರು ತಿಂಗಳ ಮೇಲೆ ಹೊಸ ಶಿಕ್ಷಕರ ಜೊತೆ ಮತ್ತೆ ಹತ್ತಿದೆ. ಬಯಲು ಬೇರೆ, ಕೆಂಗೇರಿಯ ಆಚೆ. ಮೊದಲ ಸಲ ಗಾಳಿ ಅಡ್ಡ ಹೊಡೆಯುತ್ತಿದೆ ಅನ್ನಿಸಿ ಎತ್ತರದಲ್ಲೇ ಥ್ರಾಟಲ್ ತೆರೆದೆ. ಎರಡನೆಯ ಸಲವೂ ತೆರೆದೆ. ಮೂರನೆಯ ಸಲ ಇಳಿದೆ. ಹೊಸಬರು ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡರು.

ಸಂಜೆ ರಾಜಾಜಿನಗರಕ್ಕೆ ನಡೆದುಕೊಂಡೇ ಬಂದೆ. ಮೂರನೆಯ ಸಲ ಎಷ್ಟು ಮೆತ್ತಗೆ ಕೂತೆವೆಂದರೆ ನೆಲ ತಾಕಿದ್ದೇ ತಿಳಿಯಲಿಲ್ಲ ಎಂದು ಯಾರಿಗಾದರೂ ಹೇಳಬೇಕೆನಿಸಿತ್ತು. ಯಜಮಾನಿಯ ಮನೆಗೆ ಬೀಗ ಹಾಕಿತ್ತು. ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿದೆ. ಎದುರಿನ ಸೈಟಿನಲ್ಲಿ ಪಾಯ ತೋಡುತ್ತಿದ್ದವರು ಗುದ್ದಲಿ ತೊಳೆದು ಮನೆಗೆ ಹೊರಡುತ್ತಿದ್ದರು.